ಪ್ಲೇಗು, ಕೂಲಿ ಮತ್ತು ಕಾಯಿದೆ

ಯುರೋಪಿನ ಮಧ್ಯಯುಗ ಮುಗಿದದ್ದು ಯಾವಾಗ ಎಂದು ಕೇಳಿದರೆ, ಪ್ರೌಢಶಾಲೆಯಲ್ಲಿ ಇತಿಹಾಸ ಓದಿದ ಯಾರಾದರೂ ತಟ್ಟನೆ 1453 ಎಂದು ಹೇಳುತ್ತಾರೆ. ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು, ಪೂರ್ವದ ವ್ಯಾಪಾರದ ದಾರಿ ಅವರ ಕೈಸೇರಿತು, ಹೊಸ ಜಲಮಾರ್ಗ ಹುಡುಕುವುದು ಅನಿವಾರ್ಯವಾಯಿತು ಎಂದು ಬರೆದರೆ ಪೂರ್ಣ ಅಂಕ. ಇನ್ನೂ ಸ್ವಲ್ಪ ಓದಿಕೊಂಡವರು ಹಿಂದಕ್ಕೆ ಹೋಗಿ 800ರಲ್ಲಿ ಷಾರ್ಲಮೇನನ ಪಟ್ಟಾಭಿಷೇಕ, 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದದ್ದು, 1095ರಲ್ಲಿ ಎರಡನೆಯ ಅರ್ಬನ್ ಪೋಪ್ ಧರ್ಮಯುದ್ಧಕ್ಕೆ ಕರೆ ಕೊಟ್ಟದ್ದು, 1215ರ ಮ್ಯಾಗ್ನಾ ಕಾರ್ಟಾ ಇವುಗಳನ್ನು ಸೇರಿಸುತ್ತಾರೆ. ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಆದರೆ ಅದರಲ್ಲಿ ಬರುವವರೆಲ್ಲ ಕಿರೀಟ ತೊಟ್ಟವರು, ಇಲ್ಲವೇ ಕತ್ತಿ ಹಿಡಿದವರು. ಉಳುವವನು, ಕೊಯ್ಯುವವನು, ಕುರಿ ಕಾಯುವವನು ಎಲ್ಲಿಯೂ ಕಾಣಿಸುವುದಿಲ್ಲ. ಅವನ ಬದುಕನ್ನೇ ತಿರುಗಿಸಿದ ಘಟನೆಗೆ ಸೇನಾಪತಿಯಿರಲಿಲ್ಲ. ಅದು ಹಡಗಿನಲ್ಲಿ ಬಂದ ಒಂದು ರೋಗ.

1347ರ ಅಕ್ಟೋಬರಿನಲ್ಲಿ ಕಪ್ಪು ಸಮುದ್ರದ ಕಡೆಯಿಂದ ಬಂದ ಜಿನೋವಾದ ಹಡಗುಗಳು ಸಿಸಿಲಿ ದ್ವೀಪದ ಮೆಸಿನಾ ಬಂದರನ್ನು ಸೇರಿದವು. ನಾವಿಕರಲ್ಲಿ ಕೆಲವರು ಸತ್ತಿದ್ದರು, ಕೆಲವರು ಸಾಯುತ್ತಿದ್ದರು. ಅವರ ತೊಡೆಯ ಸಂದಿಯಲ್ಲಿ, ಕಂಕುಳಲ್ಲಿ ಗಡ್ಡೆ ಎದ್ದಿತ್ತು. ಆ ವರ್ಷದ ಕೊನೆಗೆ ರೋಗ ಮಾರ್ಸೇಲ್ಸ್ ಮುಟ್ಟಿತು. 1348ರ ಬೇಸಿಗೆಯ ಹೊತ್ತಿಗೆ ಪ್ಯಾರಿಸ್ ಸೇರಿತು, ಅದೇ ಜೂನ್‌ನಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಮೆಲ್ಕಂಬ್ ಬಂದರಿನಲ್ಲಿ ಇಳಿಯಿತು. 1349ರಲ್ಲಿ ನಾರ್ವೆ, ಮತ್ತೆರಡು ಮೂರು ವರ್ಷಗಳಲ್ಲಿ ರಷ್ಯಾ. ಯುರೋಪಿನ ಜನರಲ್ಲಿ ಮೂರರಲ್ಲಿ ಒಂದು ಪಾಲಿನಿಂದ ಅರ್ಧದವರೆಗೆ ಸತ್ತರು ಎಂಬುದು ಇತಿಹಾಸಕಾರರ ಅಂದಾಜು. ಆ ಕಾಲದವರು ಇದನ್ನು ‘ದೊಡ್ಡ ಸಾವು’ ಎಂದಷ್ಟೇ ಕರೆದರು. ‘ಕರಾಳ ಮೃತ್ಯು’ ಎಂಬ ಹೆಸರು ರೂಢಿಗೆ ಬಂದದ್ದು ಶತಮಾನಗಳ ನಂತರ.

ಕ್ರಿಮಿಯದ ಕಫಾ ಪಟ್ಟಣಕ್ಕೆ ಮುತ್ತಿಗೆ ಹಾಕಿದ್ದ ತಾತಾರರು ರೋಗದಿಂದ ಸತ್ತವರ ಹೆಣಗಳನ್ನು ಕೋಟೆಯೊಳಕ್ಕೆ ಕವಣೆಯಂತ್ರದಿಂದ ಎಸೆದರು, ರೋಗ ಹಬ್ಬಿದ್ದು ಹಾಗೆ ಎಂಬ ಕಥೆಯನ್ನು ಬಹಳ ಮಂದಿ ಕೇಳಿರುತ್ತಾರೆ. ಅದನ್ನು ಬರೆದಿಟ್ಟವನು ಇಟಲಿಯ ಪಿಯಾಚೆಂಜಾದ ಗೇಬ್ರಿಯೆಲೆ ದೆ ಮುಸ್ಸಿ ಎಂಬ ನೋಟರಿ. ಅವನು ಕಫಾದಲ್ಲಿ ಇರಲೇ ಇಲ್ಲವೆಂದು ತಿಳಿದವರು ಹೇಳುತ್ತಾರೆ. ಮುತ್ತಿಗೆ ನಡೆದದ್ದು ನಿಜ, ಕಥೆ ರೋಚಕ. ಆದರೆ ರೋಗಕ್ಕೆ ಕವಣೆಯ ಸಹಾಯ ಬೇಕಿರಲಿಲ್ಲ.

ಕಾರಣವಾದ ಜೀವಾಣುವನ್ನು ಅಲೆಕ್ಸಾಂಡ್ರ್ ಯೆರ್ಸಿನ್ ಗುರುತಿಸಿದ್ದು 1894ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಅದೇ ಜಾತಿಯ ಜೀವಾಣು 1898ರಲ್ಲಿ ಬೆಂಗಳೂರಿಗೂ ಬಂದಿತು. ಮನೆಯಲ್ಲಿ ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದ ಕಥೆಗಳನ್ನು ಹಳೆಯ ತಲೆಮಾರಿನವರು ಹೇಳುತ್ತಿದ್ದರು. ಪ್ಲೇಗಮ್ಮನ ಗುಡಿಗಳು ಇಂದಿಗೂ ಇವೆ. ಆದ್ದರಿಂದ ಈ ಮಾರಿ ಇಲ್ಲಿಗೆ ಅಪರಿಚಿತಳಲ್ಲ. ಹದಿನಾಲ್ಕನೆಯ ಶತಮಾನದ ರೋಗವೂ ಇದೇ ಹೌದೋ ಅಲ್ಲವೋ ಎಂಬ ಸಂಶಯ ಬಹುಕಾಲ ಇತ್ತು. ಏಕೆಂದರೆ ಅಂದಿನ ಬರಹಗಳಲ್ಲಿ ಇಲಿ ಬಿದ್ದ ಮಾತು ಅಪರೂಪ. 2011ರಲ್ಲಿ ಲಂಡನ್ನಿನ ಈಸ್ಟ್ ಸ್ಮಿತ್‌ಫೀಲ್ಡ್ ಸ್ಮಶಾನದ ಅಸ್ಥಿಗಳಿಂದ ಜೀವಾಣುವಿನ ಪೂರ್ಣ ವಂಶವಾಹಿ ವಿನ್ಯಾಸ ದೊರಕಿದಾಗ ಆ ಸಂಶಯ ತೀರಿತು. 2022ರಲ್ಲಿ ಕಿರ್ಗಿಸ್ತಾನದ ಇಸಿಕ್‌ಕುಲ್ ಸರೋವರದ ಬಳಿ 1338–39ರ ಗೋರಿಗಳಲ್ಲಿಯೂ ಅದರ ಕುರುಹು ಸಿಕ್ಕಿದ್ದರಿಂದ ರೋಗ ಹೊರಟ ದಿಕ್ಕೂ ತಕ್ಕಮಟ್ಟಿಗೆ ತಿಳಿದಂತಾಯಿತು. ಹರಡಿದ್ದು ಇಲಿಯ ಚಿಗಟದಿಂದಲೋ, ಮನುಷ್ಯರ ಮೈಮೇಲಿನ ಚಿಗಟ ಹೇನುಗಳಿಂದಲೋ ಎಂಬ ಚರ್ಚೆ ಮಾತ್ರ ಮುಗಿದಿಲ್ಲ.

ಆಗಿನವರಿಗೆ ಇದೊಂದೂ ಗೊತ್ತಿರಲಿಲ್ಲ. 1345ರ ಮಾರ್ಚಿಯಲ್ಲಿ ಶನಿ, ಗುರು, ಕುಜ ಮೂವರೂ ಕುಂಭರಾಶಿಯಲ್ಲಿ ಕೂಡಿದ್ದೇ ಮೂಲ ಕಾರಣವೆಂದು ಪ್ಯಾರಿಸ್ ವಿಶ್ವವಿದ್ಯಾಲಯದ ವೈದ್ಯ ಪಂಡಿತರು ರಾಜನಿಗೆ ವರದಿ ಕೊಟ್ಟರು. ಆವಿಞೋನ್‌ನಲ್ಲಿದ್ದ ಪೋಪ್ ಆರನೆಯ ಕ್ಲೆಮೆಂಟ್ ವೈದ್ಯರ ಸಲಹೆಯಂತೆ ಎರಡು ದೊಡ್ಡ ಬೆಂಕಿಗಳ ನಡುವೆ ಕುಳಿತು ಬದುಕಿಕೊಂಡ. ಯೆಹೂದಿಗಳು ಬಾವಿಗೆ ವಿಷ ಹಾಕಿದ್ದಾರೆಂಬ ಪುಕಾರು ಎದ್ದಾಗ, ಅವರೂ ಇದೇ ರೋಗದಿಂದ ಸಾಯುತ್ತಿದ್ದಾರಲ್ಲ ಎಂಬ ಸರಳ ಸತ್ಯವನ್ನು ಎತ್ತಿ ತೋರಿಸಿ ಅವರ ರಕ್ಷಣೆಗೆ ಆಜ್ಞೆ ಹೊರಡಿಸಿದವನೂ ಈ ಪೋಪನೇ. ಕೇಳಿದವರು ಕಡಿಮೆ. 1349ರ ಫೆಬ್ರುವರಿ 14ರಂದು ಸ್ಟ್ರಾಸ್‌ಬರ್ಗ್ ನಗರದಲ್ಲಿ ನೂರಾರು ಯೆಹೂದಿಗಳನ್ನು ಸುಟ್ಟರು. ಆಗ ಆ ಊರಿಗೆ ರೋಗ ಇನ್ನೂ ಬಂದೇ ಇರಲಿಲ್ಲ.

ಇಂಗ್ಲೆಂಡಿನಲ್ಲಿ ಸಾವು ಯಾರ ಮುಖವನ್ನೂ ನೋಡಲಿಲ್ಲ. ಮೂರನೆಯ ಎಡ್ವರ್ಡ್ ದೊರೆಯ ಮಗಳು ಜೋನ್ ಮದುವೆಗೆಂದು ಸ್ಪೇನಿಗೆ ಹೊರಟವಳು ದಾರಿಯಲ್ಲಿ ಬೋರ್ಡೋ ಸೀಮೆಯಲ್ಲೇ ತೀರಿಕೊಂಡಳು. ಗಣಿತಜ್ಞನೂ ಆಗಿದ್ದ ಥಾಮಸ್ ಬ್ರಾಡ್‌ವರ್ಡೀನ್ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಪದವಿ ಪಡೆದು ಮರಳಿದ ಕೆಲವೇ ದಿನಗಳಲ್ಲಿ ಹೋದ. ಪಾದ್ರಿಗಳೇ ಸತ್ತು ಪಾಪನಿವೇದನೆ ಕೇಳುವವರಿಲ್ಲದಾದಾಗ ಬಾತ್ ಮತ್ತು ವೆಲ್ಸ್‌ನ ಬಿಷಪ್ 1349ರ ಜನವರಿಯಲ್ಲಿ ಒಂದು ಸುತ್ತೋಲೆ ಕಳುಹಿಸಿದ: ಪಾದ್ರಿ ಸಿಗದಿದ್ದರೆ ಯಾರಿಗಾದರೂ ನಿವೇದಿಸಿಕೊಳ್ಳಿ, ಗಂಡಸಿಲ್ಲದಿದ್ದರೆ ಹೆಂಗಸಿಗಾದರೂ ಸರಿ. ಚರ್ಚು ಎಂಥ ಇಕ್ಕಟ್ಟಿಗೆ ಬಂದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಷ್ಟು ಸಾವಿನ ಕಥೆ. ತಿರುವು ಇರುವುದು ಉಳಿದವರ ಕಥೆಯಲ್ಲಿ.

ಪ್ಲೇಗಿಗೆ ಮುಂಚೆ ಇಂಗ್ಲೆಂಡಿನ ಹಳ್ಳಿಯಲ್ಲಿ ಕೈಗಳು ಹೆಚ್ಚು, ನೆಲ ಕಡಿಮೆ. 1315ರಿಂದ 1317ರವರೆಗೆ ಸತತ ಮಳೆಯಿಂದ ಬೆಳೆ ಕೊಳೆತು ಭೀಕರ ಕ್ಷಾಮ ಬಿದ್ದಿತ್ತು. ರೈತರಲ್ಲಿ ಬಹುಪಾಲು ಜನ ಒಡೆಯನ ಜಮೀನಿಗೆ ಕಟ್ಟುಬಿದ್ದ ಒಕ್ಕಲುಗಳು. ಒಡೆಯನ ಹೊಲದಲ್ಲಿ ವಾರದಲ್ಲಿ ಇಂತಿಷ್ಟು ದಿನ ಬಿಟ್ಟಿ ದುಡಿಯಬೇಕು; ಕಾಳನ್ನು ಅವನ ಗಿರಣಿಯಲ್ಲೇ ಬೀಸಿಸಬೇಕು; ಮಗಳ ಮದುವೆಗೆ ಅವನಿಗೆ ಕಾಣಿಕೆ ಸಲ್ಲಿಸಬೇಕು; ಮನೆಯ ಯಜಮಾನ ಸತ್ತರೆ ಕೊಟ್ಟಿಗೆಯಲ್ಲಿರುವ ಅತ್ಯುತ್ತಮ ದನವನ್ನು ಅವನಿಗೆ ಒಪ್ಪಿಸಬೇಕು. ಅಪ್ಪಣೆಯಿಲ್ಲದೆ ಊರು ಬಿಡುವಂತಿಲ್ಲ. ಇವನ್ನೆಲ್ಲ ಒಡೆಯನ ನ್ಯಾಯಸಭೆಯ ಚರ್ಮದ ಸುರುಳಿಗಳಲ್ಲಿ ಬರೆದಿಡುತ್ತಿದ್ದರು.

1349ರಲ್ಲಿ ಆ ಕೊನೆಯ ಕಟ್ಟಳೆಯೇ ಒಂದು ವ್ಯಂಗ್ಯವಾಯಿತು. ಮನೆಮನೆಯಲ್ಲಿ ಯಜಮಾನರು ಸತ್ತದ್ದರಿಂದ ಒಡೆಯನ ಕೊಟ್ಟಿಗೆ ದನಗಳಿಂದ ತುಂಬಿತು, ಆದರೆ ಮೇಯಿಸುವವರಿಲ್ಲ, ಕೊಳ್ಳುವವರೂ ಇಲ್ಲ. ಲೆಸ್ಟರ್ ಪಟ್ಟಣದ ಹೆನ್ರಿ ನೈಟನ್ ಎಂಬ ಸನ್ಯಾಸಿ ಬರೆದಿಟ್ಟ ವೃತ್ತಾಂತದ ಪ್ರಕಾರ 40 ಷಿಲಿಂಗ್ ಬಾಳುತ್ತಿದ್ದ ಕುದುರೆ 6 ಷಿಲಿಂಗ್ 8 ಪೆನ್ನಿಗೆ ಇಳಿಯಿತು. ಕುರಿಗಳು ಕಾಯುವವರಿಲ್ಲದೆ ಪೈರಿನ ಮೇಲೆ ಅಲೆದವು. ಸುಗ್ಗಿಗೆ ಕೊಯ್ಯುವ ಆಳು ಬೇಕೆಂದರೆ ಊಟ ಹಾಕಿ ಮೇಲೆ 8 ಪೆನ್ನಿ ಕೊಡಬೇಕು. ಎಂದಿನ ಕೂಲಿ ಎರಡು ಮೂರು ಪೆನ್ನಿ. ಅಂದರೆ ಬೆಲೆಯಿದ್ದುದೆಲ್ಲ ಅಗ್ಗವಾಯಿತು, ಅಗ್ಗವಾಗಿದ್ದ ಮನುಷ್ಯನಿಗೆ ಬೆಲೆ ಬಂತು.

ಸರ್ಕಾರ ಸುಮ್ಮನೆ ಕೂರಲಿಲ್ಲ. ಇನ್ನೂ ಹೆಣ ಹೂಳುತ್ತಿರುವಾಗಲೇ, 1349ರ ಜೂನ್ 18ರಂದು, ದೊರೆಯ ಸುಗ್ರೀವಾಜ್ಞೆ ಹೊರಟಿತು. ಸ್ವಂತ ಆಸ್ತಿಯಾಗಲಿ ಕಸುಬಾಗಲಿ ಇಲ್ಲದ, 60 ವರ್ಷದೊಳಗಿನ ಎಲ್ಲ ದೃಢಕಾಯರೂ, ಗಂಡಾಗಲಿ ಹೆಣ್ಣಾಗಲಿ, ಕರೆದವರಲ್ಲಿ ಕೆಲಸಕ್ಕೆ ಹೋಗಬೇಕು. ರೋಗಕ್ಕೆ ಮುಂಚೆ ಇದ್ದ ಕೂಲಿಗಿಂತ ಹೆಚ್ಚು ಕೇಳಕೂಡದು, ಕೊಡಲೂಕೂಡದು. ಗಟ್ಟಿಮುಟ್ಟಾದ ಭಿಕ್ಷುಕನಿಗೆ ಭಿಕ್ಷೆ ಹಾಕುವುದೂ ಅಪರಾಧ. 1351ರಲ್ಲಿ ಪಾರ್ಲಿಮೆಂಟು ಇದನ್ನು ಕಾಯಿದೆ ಮಾಡಿ ದರಪಟ್ಟಿ ಇಟ್ಟಿತು. ಆಗಸ್ಟ್ ಮೊದಲ ವಾರ ಕೊಯ್ಲಿಗೆ ದಿನಕ್ಕೆ 2 ಪೆನ್ನಿ, ಎರಡನೆಯ ವಾರ 3 ಪೆನ್ನಿ. ನುರಿತ ಬಡಗಿಗೆ 3, ಉಳಿದ ಬಡಗಿಗಳಿಗೆ 2. ಒಪ್ಪದವರ ಕಾಲಿಗೆ ತೊಡಿಸಲು ಊರೂರಿನಲ್ಲಿ ಮರದ ಕೋಳಗಳನ್ನು ಮಾಡಿಸಬೇಕೆಂದೂ ಅದರಲ್ಲಿತ್ತು. ದರ ನಿಗದಿ ಮಾಡಿದ ಪಾರ್ಲಿಮೆಂಟಿನಲ್ಲಿ ಕುಳಿತವರು ಕೂಲಿ ಕೊಡುವವರೇ ಹೊರತು ಪಡೆಯುವವರಲ್ಲ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಯಿದೆ ಕಠಿಣವಾಗಿಯೇ ಜಾರಿಯಾಯಿತು, ದಂಡವೂ ಸಾಕಷ್ಟು ಬಿತ್ತು. ಆದರೆ ಮುರಿಯುವವರು ಆಳುಗಳಷ್ಟೇ ಆಗಿರಲಿಲ್ಲ. ಪೈರು ಹೊಲದಲ್ಲಿ ಒಣಗಿ ಉದುರುತ್ತಿರುವಾಗ ಪಕ್ಕದೂರಿನ ಒಡೆಯ ಒಂದು ಪೆನ್ನಿ ಹೆಚ್ಚು ಕೊಟ್ಟು ಆಳುಗಳನ್ನು ಸೆಳೆದುಕೊಳ್ಳುತ್ತಿದ್ದ. ನಗದು ಹೆಚ್ಚಿಸಲು ಭಯವಾದವರು ಗೋಧಿ ಕೊಟ್ಟರು, ಊಟ ಹಾಕಿದರು, ಬಟ್ಟೆ ಕೊಟ್ಟರು. ಒಕ್ಕಲುಗಳು ರಾತ್ರೋರಾತ್ರಿ ಊರು ಬಿಟ್ಟು ಹೋದರೆ ಹೋದಲ್ಲಿ ಪೂರ್ವೋತ್ತರ ಕೇಳುವವರಿರಲಿಲ್ಲ. ರೋಗವೂ ಬಿಡಲಿಲ್ಲ, 1361, 1369, 1375ರಲ್ಲಿ ಮರಳಿ ಬಂದು ಜನಸಂಖ್ಯೆ ಚೇತರಿಸಿಕೊಳ್ಳದಂತೆ ಮಾಡಿತು. ಕೂಲಿಯ ಏರಿಕೆ ಒಂದೇ ನೆಗೆತದಲ್ಲಿ ಆದದ್ದಲ್ಲ. ಮೊದಲ ಇಪ್ಪತ್ತೈದು ವರ್ಷ ಧಾನ್ಯದ ಬೆಲೆಯೂ ಮೇಲಿದ್ದು ಗಳಿಸಿದ್ದನ್ನು ನುಂಗುತ್ತಿತ್ತು. 1375ರ ನಂತರ ಧಾನ್ಯ ಇಳಿಯಿತು, ಕೂಲಿ ನಿಂತಿತು. ಲಾಭ ಕಂಡದ್ದು ಆಗ.

ಈ ಲಾಭವನ್ನು ಊಟದ ತಟ್ಟೆಯಲ್ಲಿಯೇ ನೋಡಬಹುದು. ನಾರ್ಫೋಕ್ ಸೀಮೆಯ ಸೆಜ್‌ಫರ್ಡ್ ಎಂಬ ಊರಿನಲ್ಲಿ ಸುಗ್ಗಿಯ ಆಳುಗಳಿಗೆ ಹಾಕಿದ ಊಟದ ಲೆಕ್ಕ ಉಳಿದುಬಂದಿದೆ. ಹದಿಮೂರನೆಯ ಶತಮಾನದಲ್ಲಿ ಅದು ಮುಖ್ಯವಾಗಿ ಜವೆಗೋಧಿಯ ರೊಟ್ಟಿ ಮತ್ತು ಗಿಣ್ಣು, ಮಾಂಸ ಅಪರೂಪ. ಹದಿನೈದನೆಯ ಶತಮಾನದ ಹೊತ್ತಿಗೆ ಗೋಧಿಯ ರೊಟ್ಟಿ, ತಾಜಾ ಮಾಂಸ, ಧಾರಾಳವಾಗಿ ಏಲ್ ಮದ್ಯ. ಆಳುಗಳು ಇದ್ದಕ್ಕಿದ್ದಂತೆ ರುಚಿ ಕಲಿತರೆಂದಲ್ಲ. ಬೇಡವೆಂದು ಎದ್ದುಹೋಗುವ ಶಕ್ತಿ ಬಂದಿತ್ತು. ಮೇಲಿನವರಿಗೆ ಇದು ಎಷ್ಟು ಚುಚ್ಚಿತೆಂದರೆ, 1363ರಲ್ಲಿ ಯಾವ ಅಂತಸ್ತಿನವರು ಯಾವ ಬಟ್ಟೆ ತೊಡಬೇಕು, ಉಳುವವನೂ ಗಾಡಿ ಹೊಡೆಯುವವನೂ ಎಂಥ ಒರಟು ಬಟ್ಟೆ ಹೊದೆಯಬೇಕು ಎಂದು ಕೂಡ ಶಾಸನ ಮಾಡಿದರು. ಎರಡೇ ವರ್ಷಕ್ಕೆ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು.

ಭಾಷೆಯ ವಿಷಯವನ್ನೂ ಇಲ್ಲಿಯೇ ಹೇಳಬೇಕು. ನಾರ್ಮನ್ನರು ಬಂದಾಗಿನಿಂದ ದೊಡ್ಡವರ ಮತ್ತು ನ್ಯಾಯಾಲಯದ ಮಾತು ಫ್ರೆಂಚ್. ಶಾಲೆಯಲ್ಲಿ ಮಕ್ಕಳಿಗೆ ಲ್ಯಾಟಿನ್ ಕಲಿಸುತ್ತಿದ್ದುದೂ ಫ್ರೆಂಚಿನ ಮೂಲಕ. ಮೊದಲ ಪ್ಲೇಗಿನ ನಂತರ ಜಾನ್ ಕಾರ್ನ್‌ವಾಲ್ ಎಂಬ ಉಪಾಧ್ಯಾಯ ಪಾಠವನ್ನು ಇಂಗ್ಲಿಷಿಗೆ ಬದಲಾಯಿಸಿದ, 1385ರ ವೇಳೆಗೆ ಎಲ್ಲ ಶಾಲೆಗಳೂ ಅದನ್ನೇ ಹಿಡಿದವು ಎಂದು ಜಾನ್ ಟ್ರೆವೀಸಾ ದಾಖಲಿಸಿದ್ದಾನೆ. ಫ್ರೆಂಚ್ ಬಲ್ಲ ಹಳೆಯ ಮೇಷ್ಟರುಗಳು ಸತ್ತದ್ದೂ ಒಂದು ಕಾರಣವಿರಬೇಕು. 1362ರಲ್ಲಿ, ಜನಕ್ಕೆ ಫ್ರೆಂಚ್ ಅರ್ಥವಾಗದ ಕಾರಣ ನ್ಯಾಯಾಲಯಗಳಲ್ಲಿ ವಾದ ಇಂಗ್ಲಿಷಿನಲ್ಲಿ ನಡೆಯಬೇಕೆಂದು ಕಾಯಿದೆ ಬಂದಿತು. ಆ ಕಾಯಿದೆಯನ್ನು ಬರೆದದ್ದು ಫ್ರೆಂಚಿನಲ್ಲಿ. ಆಡಳಿತ ಭಾಷೆಯ ಸುತ್ತೋಲೆಗಳನ್ನು ಓದಿ ಅಭ್ಯಾಸವಿದ್ದವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು.

ಹಳೆಯ ಕಟ್ಟು ಸಡಿಲವಾಗಿದೆ ಎಂದು ಕೆಳಗಿನವರಿಗೆ ಗೊತ್ತು, ಮೇಲಿನವರು ಬಿಗಿಯುತ್ತಲೇ ಇದ್ದಾರೆ: ಈ ಸ್ಥಿತಿಯಲ್ಲಿ ಫ್ರಾನ್ಸಿನ ಯುದ್ಧದ ಖರ್ಚಿಗೆಂದು ತಲೆಗಂದಾಯ ಬಂದಿತು. 1377ರಲ್ಲಿ ತಲೆಗೆ 4 ಪೆನ್ನಿ. 1380ರ ಕೊನೆಗೆ ಅದು ಮೂರು ಪಟ್ಟಾಗಿ ಒಂದು ಷಿಲಿಂಗ್. 1381ರ ಮೇ 30ರಂದು ಎಸೆಕ್ಸ್ ಸೀಮೆಯ ಬ್ರೆಂಟ್‌ವುಡ್‌ನಲ್ಲಿ ಹಳ್ಳಿಗರು ವಸೂಲಿಗೆ ಬಂದವರನ್ನು ಓಡಿಸಿದರು. ಎರಡು ವಾರದಲ್ಲಿ ಕೆಂಟ್ ಮತ್ತು ಎಸೆಕ್ಸ್‌ನ ಸಾವಿರಾರು ಜನ ವಾಟ್ ಟೈಲರನ ಮುಂದಾಳುತನದಲ್ಲಿ ಲಂಡನ್ನಿನೊಳಗಿದ್ದರು. ದಾರಿಯುದ್ದಕ್ಕೂ ಅವರು ಹುಡುಕಿ ಹುಡುಕಿ ಸುಟ್ಟದ್ದು ಒಡೆಯರ ನ್ಯಾಯಸಭೆಯ ಆ ಚರ್ಮದ ಸುರುಳಿಗಳನ್ನು. ತಮ್ಮ ಜೀತ ಎಲ್ಲಿ ಬರೆದಿದೆಯೆಂದು ಓದು ಬಾರದವರಿಗೂ ತಿಳಿದಿತ್ತು. ಮನುಷ್ಯ ಹುಟ್ಟಿದಾಗ ಒಡೆಯ ಆಳು ಎಂಬ ಭೇದವಿರಲಿಲ್ಲವೆಂದು ಬೋಧಿಸುತ್ತಿದ್ದ ಜಾನ್ ಬಾಲ್ ಎಂಬ ಪಾದ್ರಿ ಅವರ ಜೊತೆಗಿದ್ದ.

ಜೂನ್ 14ರಂದು ಮೈಲ್ ಎಂಡ್ ಬಯಲಿನಲ್ಲಿ 14 ವರ್ಷದ ದೊರೆ ಎರಡನೆಯ ರಿಚರ್ಡ್ ಅವರೆದುರು ನಿಂತ. ಜೀತ ರದ್ದಾಗಬೇಕು, ಎಕರೆಗೆ 4 ಪೆನ್ನಿ ಗೇಣಿ ಗೊತ್ತುಮಾಡಬೇಕು ಎಂದರು. ದೊರೆ ಒಪ್ಪಿದ, ಗುಮಾಸ್ತರು ಕುಳಿತು ಸನ್ನದುಗಳನ್ನು ಬರೆದುಕೊಟ್ಟರು. ಅದೇ ದಿನ ಲಂಡನ್ ಗೋಪುರದೊಳಗೆ ನುಗ್ಗಿದವರು ಆರ್ಚ್‌ಬಿಷಪ್ ಸೈಮನ್ ಸಡ್‌ಬರಿಯನ್ನೂ ಖಜಾಂಚಿ ರಾಬರ್ಟ್ ಹೇಲ್ಸ್‌ನನ್ನೂ ಎಳೆತಂದು ತಲೆ ಕಡಿದರು. ಮರುದಿನ ಸ್ಮಿತ್‌ಫೀಲ್ಡ್‌ನಲ್ಲಿ ಮಾತುಕತೆಗೆ ಬಂದ ಟೈಲರನಿಗೆ ನಗರದ ಮೇಯರ್ ವಾಲ್‌ವರ್ತ್ ಕತ್ತಿಯಿಂದ ಹೊಡೆದ. ಅಲ್ಲಿಗೆ ಟೈಲರನ ಕಥೆ ಮುಗಿಯಿತು. ಜುಲೈ ತಿಂಗಳಲ್ಲಿ ಸನ್ನದುಗಳೆಲ್ಲ ರದ್ದಾದವು, ಜಾನ್ ಬಾಲ್‌ನನ್ನು ಸೇಂಟ್ ಆಲ್ಬನ್ಸ್‌ನಲ್ಲಿ ಕೊಂದರು.

ಬಂಡಾಯ ಸೋತಿತು, ಬಂಡಾಯಗಾರರು ಕೇಳಿದ್ದು ಮಾತ್ರ ಮೆಲ್ಲಗೆ ಕೈಗೂಡಿತು. ಒಕ್ಕಲಿಲ್ಲದೆ ಬೀಳುಬಿದ್ದ ಹೊಲಕ್ಕೆ ಬಿಟ್ಟಿ ದುಡಿಮೆಯ ಕರಾರು ಹಾಕಿದರೆ ಯಾರೂ ಬರುತ್ತಿರಲಿಲ್ಲ. ಒಡೆಯರು ನಗದು ಗೇಣಿಗೆ ಇಳಿದರು. ನ್ಯಾಯಸಭೆಯ ಸುರುಳಿಯಲ್ಲಿ ತನ್ನ ಹಿಡುವಳಿಯ ಬಗ್ಗೆ ಬರೆದದ್ದರ ನಕಲನ್ನು ಒಕ್ಕಲು ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳತೊಡಗಿದ. ಅಪ್ಪ ಸುಟ್ಟ ಕಾಗದವೇ ಮೊಮ್ಮಗನ ಹಕ್ಕುಪತ್ರ.

ಹಾಗಾದರೆ ಜೀತ ಬಿಡಿಸಿದ್ದು ಪ್ಲೇಗೇ? ಬಹಳ ಪುಸ್ತಕಗಳು ಹಾಗೆಯೇ ಬರೆಯುತ್ತವೆ. ಆದರೆ ಅಷ್ಟು ಸಲೀಸಲ್ಲ. ಎಲ್ಬ್ ನದಿಯ ಪೂರ್ವಕ್ಕೆ, ಪ್ರಷ್ಯಾ ಪೋಲೆಂಡುಗಳ ಕಡೆ, ಮುಂದಿನ ಎರಡು ಶತಮಾನಗಳಲ್ಲಿ ರೈತ ಮೊದಲಿಗಿಂತ ಬಿಗಿಯಾದ ಜೀತಕ್ಕೆ ಬಿದ್ದ. ಜನ ಕಡಿಮೆ ಎಂಬ ಕಾರಣಕ್ಕೇ ಅಲ್ಲಿನ ಒಡೆಯರು ಇದ್ದವರನ್ನು ಕಟ್ಟಿಹಾಕಿದರು. ಈಜಿಪ್ಟಿನಲ್ಲಿಯೂ ಜನ ಇದೇ ರೀತಿ ಸತ್ತರು; ಅಲ್ಲಿ ನೈಲ್ ನದಿಯ ಕಾಲುವೆಗಳ ಹೂಳೆತ್ತುವವರಿಲ್ಲದೆ ನೆಲವೇ ಹಾಳಾಯಿತು, ರೈತನಿಗೆ ಲಾಭ ಬರಲಿಲ್ಲ. ಜನಸಂಖ್ಯೆಯ ಏರಿಳಿತದಿಂದಲೇ ಎಲ್ಲವನ್ನೂ ವಿವರಿಸುವ ಪರಂಪರೆಯನ್ನು ಅಮೆರಿಕದ ರಾಬರ್ಟ್ ಬ್ರೆನರ್ 1976ರಲ್ಲಿ ಪ್ರಶ್ನಿಸಿದ್ದು ಇದೇ ಆಧಾರದ ಮೇಲೆ. ಸಾವು ಒಂದೇ, ಫಲ ಬೇರೆ ಬೇರೆ. ಎಲ್ಲಿ ರೈತರಿಗೆ ಒಟ್ಟುಗೂಡುವ ರೂಢಿಯಿತ್ತೋ, ಒಡೆಯರು ಎಲ್ಲಿ ತಮ್ಮತಮ್ಮಲ್ಲೇ ಪೈಪೋಟಿಗೆ ಬಿದ್ದರೋ ಅಲ್ಲಿ ಆಳಿನ ಕೈ ಮೇಲಾಯಿತು ಎಂಬ ವಾದ ಹೆಚ್ಚು ಒಪ್ಪುವಂತಿದೆ.

ಇಂಗ್ಲೆಂಡಿನಲ್ಲಿಯೂ ಜೀತವನ್ನು ರದ್ದು ಮಾಡುವ ಶಾಸನವೆಂಬುದು ಬರಲೇ ಇಲ್ಲ. ಅಲ್ಲಲ್ಲಿ ಉಳಿದಿದ್ದ ಕೆಲವರನ್ನು, ಅದೂ ಅರಮನೆಯ ಜಮೀನುಗಳಲ್ಲಿದ್ದವರನ್ನು, ಎಲಿಜಬೆತ್ ರಾಣಿ 1574ರಲ್ಲಿ ಹಣ ಪಡೆದು ಬಿಡುಗಡೆ ಮಾಡಿದಳು. ಕೂಲಿಯ ಕಾಯಿದೆ ಇನ್ನೂ ಗಟ್ಟಿ ಜೀವ. 1563ರಲ್ಲಿ ಅದು ಹೊಸ ರೂಪ ತಳೆದು, ಕೂಲಿಯ ಮೇಲ್ಮಿತಿ ಗೊತ್ತುಪಡಿಸುವ ಅಧಿಕಾರ ಆಯಾ ಸೀಮೆಯ ಮ್ಯಾಜಿಸ್ಟ್ರೇಟರಿಗೆ ಹೋಯಿತು. ಆ ಅಧಿಕಾರ ಪುಸ್ತಕದಿಂದ ಹೊರಬಿದ್ದದ್ದು 1813ರಲ್ಲಿ. ಇದಕ್ಕಿಂತ ಕಡಿಮೆ ಕೊಡಕೂಡದೆಂದು ದೇಶದ ಎಲ್ಲ ಉದ್ಯೋಗಗಳಿಗೂ ಅನ್ವಯಿಸುವ ಕಾಯಿದೆಯನ್ನು ಅದೇ ಪಾರ್ಲಿಮೆಂಟು ಮಾಡಿದ್ದು 1998ರಲ್ಲಿ.