ತೂಕದ ಯಂತ್ರದ ಮುಂದೆ



ಪಿ.ಟಿ. ಟೀಚರ್ ಬಂದರೆ ಪಂದ್ಯಾಟದ ಕಥೆ ಹೇಳುತ್ತಾರೆಂದು ಕಾದಿರಬಹುದು. ಕಬಡ್ಡಿಯ ಶೀಲ್ಡುಗಳು ಕಪಾಟಿನಲ್ಲಿವೆ, ಹೋಗುವಾಗ ನೋಡಿ. ನನಗೆ ಹೇಳಲಿಕ್ಕಿರುವುದು ಬೇರೆ.

ಆರೋಗ್ಯ ತಪಾಸಣೆಯ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಕ ನೋಡುವುದು ನನ್ನ ಕೆಲಸ. ನಾನು ಗಟ್ಟಿಯಾಗಿ ಓದುತ್ತಿದ್ದೆ, ಕ್ಲಾಸ್ ಲೀಡರ್ ಬರೆದುಕೊಳ್ಳುತ್ತಿದ್ದ. ಮಧ್ಯೆ ನನ್ನದೊಂದು ತಮಾಷೆ: "ಏನು ಮಾರಾಯ್ತಿ, ಮನೆಯಲ್ಲಿ ಅಕ್ಕಿ ಮುಡಿ ಉಂಟಾ, ಖಾಲಿ ಮಾಡಿದೆಯಾ?" ಎಲ್ಲರೂ ನಗುತ್ತಿದ್ದರು. ಹಾಗೆ ನಗೆಗೀಡಾದ ಒಬ್ಬಳು ಕಳೆದ ವರ್ಷ ಸಿಕ್ಕಿದಳು. ಈಗ ಎರಡು ಮಕ್ಕಳ ತಾಯಿ. "ಟೀಚರೇ, ಆವತ್ತಿನಿಂದ ಬುತ್ತಿಯ ಅನ್ನವನ್ನು ಬಾವಿಕಟ್ಟೆಯ ಹಿಂದೆ ಕಾಗೆಗೆ ಹಾಕುತ್ತಿದ್ದೆ. ಹತ್ತನೆಯಲ್ಲಿ ತಿಂಗಳಿನದ್ದೇ ನಿಂತುಹೋಯಿತು. ರಕ್ತ ಕಡಿಮೆ ಅಂತ ಅಮ್ಮ ಟಾನಿಕ್ ಕುಡಿಸಿದರು" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಆ ವರ್ಷ ಅವಳು ಓಟದಲ್ಲಿ ಹಿಂದೆ ಬಿದ್ದಾಗ ಸೋಮಾರಿ ಎಂದು ಬೈದವಳೂ ನಾನೇ.

ನಮ್ಮಲ್ಲಿ ಇದು ಕುಶಲ ಪ್ರಶ್ನೆ. ಒಂದು ಮದುವೆಯಲ್ಲಿ "ತೋರ ಆಗಿದ್ದೀಯಲ್ಲ", ಮುಂದಿನದರಲ್ಲಿ "ಸಪೂರ ಆಗಿದ್ದೀಯಲ್ಲ, ಹುಷಾರಿಲ್ವಾ?" ಆಗ ಹೋಲಿಸಿಕೊಳ್ಳಲಿಕ್ಕೆ ತರಗತಿಯ ನಲವತ್ತು ಮಕ್ಕಳಿದ್ದರು. 1994ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಮಿಸ್ ವರ್ಲ್ಡ್ ಆದಾಗ ನಾವೆಲ್ಲ ಹಿಗ್ಗಿದೆವು, ಆದರೆ ಆ ಚಿತ್ರ ಗೋಡೆಯ ಮೇಲಿತ್ತು. ಈಗಿನದು ಹಾಸಿಗೆಯವರೆಗೂ ಬರುತ್ತದೆ, ಫಿಲ್ಟರ್ ಹಾಕಿಕೊಂಡು. ಫಿಜಿ ದ್ವೀಪದಲ್ಲಿ ಮೈ ತುಂಬಿದವರೇ ಚಂದ ಎಂಬ ರೂಢಿಯಿತ್ತು. ಅಲ್ಲಿನ ಒಂದು ಭಾಗಕ್ಕೆ 1995ರಲ್ಲಿ ಟಿ.ವಿ. ಬಂತು. ತೂಕ ಇಳಿಸಲು ತಿಂದದ್ದನ್ನು ವಾಂತಿ ಮಾಡುವ ಶಾಲಾ ಹುಡುಗಿಯರು ಆಗ ಒಬ್ಬರೂ ಸಿಗಲಿಲ್ಲ. 1998ರಲ್ಲಿ ವೈದ್ಯೆ ಆ್ಯನ್ ಬೆಕರ್ ಕೇಳಿದಾಗ ನೂರಕ್ಕೆ 11 ಮಂದಿ ಹೌದೆಂದರು.

ಅಷ್ಟು ದೂರ ಹೋಗುವುದೂ ಬೇಡ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಹೋದ 21ರ ಕಿರುತೆರೆ ನಟಿ ಚೇತನಾ ರಾಜ್ ಮರಳಿ ಬರಲಿಲ್ಲ. 2025ರ ಮಾರ್ಚಿನಲ್ಲಿ ಕಣ್ಣೂರು ಜಿಲ್ಲೆಯ 18ರ ವಿದ್ಯಾರ್ಥಿನಿಯೊಬ್ಬಳು ದಪ್ಪವಾಗುವ ಭಯದಿಂದ ಊಟ ಬಿಟ್ಟು ತೀರಿಕೊಂಡಳು. ಕಣ್ಣೂರು ನಮಗೆ ರೈಲಿನಲ್ಲಿ ಎರಡು-ಮೂರು ಗಂಟೆಯ ದಾರಿ.

ಇದು ಹಟವಲ್ಲ, ಕಾಯಿಲೆ. ಊಟವಾದ ಕೂಡಲೇ ಬಚ್ಚಲಿಗೆ ಓಡುವುದು, ಸೆಕೆಯಲ್ಲೂ ಚಳಿ, ಮುಟ್ಟು ನಿಲ್ಲುವುದು, ತಲೆಸುತ್ತು ಕಂಡರೆ ಟಾನಿಕ್ಕಿನಲ್ಲಿ ಮುಗಿಸಬೇಡಿ. ಗಂಡುಮಕ್ಕಳು ಪಾರಾದರೆಂದೂ ತಿಳಿಯಬೇಡಿ; ಜಿಮ್ಮಿನ ಪೌಡರ್ ಡಬ್ಬಿ ನೋಡಿ. ಬಹಳ ದಿನ ಉಪವಾಸವಿದ್ದವರಿಗೆ ಒಮ್ಮೆಲೇ ಹೊಟ್ಟೆ ತುಂಬ ತಿನ್ನಿಸುವುದೂ ಅಪಾಯ, ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೆ ತೊಂದರೆಯಾಗುತ್ತದೆ. ವೆನ್ಲಾಕ್‌ನಂಥ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಾತಾಡಲು ಟೆಲಿ-ಮಾನಸ್ 14416 ಇದೆ, ಹಣವಿಲ್ಲ.

ಹೆಡ್‌ಮಾಸ್ಟರರಲ್ಲಿ ಒಂದು ಕೇಳಿಕೊಂಡಿದ್ದೇನೆ. ಇನ್ನು ತೂಕ ನೋಡುವುದು ಪರದೆಯ ಹಿಂದೆ, ಒಬ್ಬೊಬ್ಬರನ್ನೇ. ಟೀಚರೇ ಬರೆದುಕೊಳ್ಳಲಿ, ಓದುವುದು ಬೇಡ. ಅವರು ಒಪ್ಪಿದ್ದಾರೆ. ಪರದೆಯ ಬಟ್ಟೆ ನಾನು ಇವತ್ತೇ ತಂದಿದ್ದೇನೆ, ಆಫೀಸಿನಲ್ಲಿಟ್ಟಿದ್ದೇನೆ.