ನಮ್ಮ ನಾಲಿಗೆ, ಕಾಲೇಜಿನ ಬಾಗಿಲು



ಕೊಳ್ಳೇಗಾಲದ ಕೇರಿ ಹುಡುಗ ‘ಓಯ್ತೀನಿ, ಬತ್ತೀನಿ’ ಅಂದ್ರೆ ಕನ್ನಡ ತರಗತಿಯಲ್ಲೇ ನಗ್ತಾರೆ. ಯಳಂದೂರಿನ ಮೇಲೆ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಮಗುವಿಗೆ ಮನೆ ನುಡಿ ಬೇರೆ, ಪುಸ್ತಕದ ಕನ್ನಡ ಬೇರೆ. ಕಾಲೇಜಲ್ಲಿ ವಿಜ್ಞಾನ ಓದಬೇಕೆಂದರೆ ಅದೂ ಸಾಲದು, ಇಂಗ್ಲಿಷ್ ಬೇಕು.

ಪೂರ್ವ ಆಫ್ರಿಕಾದ ತಾಂಜಾನಿಯದಲ್ಲೂ ಇದೇ ಕತೆ. 1967ರಲ್ಲಿ ಪ್ರಾಥಮಿಕ ಶಾಲೆಗೆ ಸ್ವಾಹಿಲಿ ಬಂತು. ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷೇ ಉಳೀತು. ಭಾಷೆ ಬದಲಾಗುವ ಮೆಟ್ಟಿಲಲ್ಲೇ ಬಡವರ ಮಕ್ಕಳು ಜಾರೋದು. ಅದಕ್ಕೆ ದಡ್ಡತನ ಅಂತ ಹೆಸರಿಡ್ತಾರೆ!

ಬಾಬಾಸಾಹೇಬರು ಕೊಲಂಬಿಯಾದಲ್ಲಿ ಇಂಗ್ಲಿಷಿನಲ್ಲಿ ಓದಿದರು. 1920ರಲ್ಲಿ ‘ಮೂಕನಾಯಕ’ ಪತ್ರಿಕೆಯನ್ನು ಮರಾಠಿಯಲ್ಲಿ ತಂದರು. ನಮಗೂ ಎರಡೂ ಬೇಕು. ಕೊಳ್ಳೇಗಾಲ, ಹನೂರು, ಯಳಂದೂರಿನ ಹಾಸ್ಟೆಲುಗಳಲ್ಲಿ ಸಂಜೆ ಇಂಗ್ಲಿಷ್ ಪಾಠ ನಡೀಲಿ. ಪದವಿಯ ಪುಸ್ತಕಗಳು ಕನ್ನಡದಲ್ಲೂ ಬರಲಿ. ಇದು ಭಿಕ್ಷೆಯಲ್ಲ, ಹಕ್ಕು. ಕೇಳೋಣ.

ಜೈ ಭೀಮ್.