ಒಂಬತ್ತು ಮನೆಗಳ ಆಟ

(ಶತಮಾನೋತ್ಸವದ ಅಂಗವಾಗಿ ನಡೆದ ರಕ್ಷಕ–ಶಿಕ್ಷಕ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಕಳೆದ ಜೂನ್ ತಿಂಗಳಲ್ಲಿ ತಂದೆಯೊಬ್ಬರು ಮಗಳ ವರ್ಗಾವಣೆ ಪತ್ರಕ್ಕಾಗಿ ನಮ್ಮ ಕಚೇರಿಗೆ ಬಂದಿದ್ದರು. ಅವರೂ ಇದೇ ಶಾಲೆಯಲ್ಲಿ ಕಲಿತವರು. "ಟೀಚರ್, ಕನ್ನಡದಲ್ಲಿ ಕಲಿತರೆ ಇವಳಿಗೆ ಕಂಪ್ಯೂಟರ್ ಬಂದೀತೇ?" ಎಂದು ಕೇಳಿದರು. ನಾವು ಹೇಳಿದ ಸಮಾಧಾನ ಅವರಿಗೆ ಸಾಲಲಿಲ್ಲ. ಪತ್ರಕ್ಕೆ ಸಹಿ ಹಾಕಿ ಕೊಟ್ಟೆವು. ಸರಿಯಾದ ಉತ್ತರವನ್ನು ಕೆಲವು ತಿಂಗಳ ಬಳಿಕ ನಮ್ಮ ಮಕ್ಕಳೇ ಕೊಟ್ಟರು. ಅದನ್ನು ನಿಮ್ಮ ಮುಂದಿಡುವುದೇ ನಮ್ಮ ಇಂದಿನ ಉದ್ದೇಶ.

ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ 'ಲಿಟ್ಲ್ ಕೈಟ್ಸ್' ಎಂಬ ಮಕ್ಕಳ ಕೂಟ ನಡೆಯುತ್ತಿದೆ. ನಮ್ಮ ಕೂಟದ ಮಕ್ಕಳು 'ಆ್ಯಪ್ ಇನ್ವೆಂಟರ್' ಬಳಸಿ ಮೊಬೈಲಿಗಾಗಿ ಒಂದು ಆಟವನ್ನು ರಚಿಸಿದರು. ನಾವೆಲ್ಲ ಸ್ಲೇಟಿನ ಮೇಲೆ ಆಡಿದ ಆಟವೇ ಅದು: ಒಂಬತ್ತು ಮನೆಗಳು, ಒಬ್ಬರಿಗೆ ಸೊನ್ನೆ, ಇನ್ನೊಬ್ಬರಿಗೆ ಗುಣಾಕಾರದ ಗುರುತು. ಇದನ್ನು ಅಲ್ಪವೆಂದು ಎಣಿಸಬೇಕಾಗಿಲ್ಲ. 1952ರಲ್ಲಿ ಕೇಂಬ್ರಿಜ್‌ನ ಎಡ್ಸಾಕ್ ಗಣಕಕ್ಕೆ ಎ. ಎಸ್. ಡಗ್ಲಸ್ ಅವರು ಅಳವಡಿಸಿದ್ದು ಇದೇ ಆಟವನ್ನು. ಗೆಲುವಿನ ಸಾಲುಗಳು ಮೂರು ಅಡ್ಡ, ಮೂರು ನೀಟ, ಎರಡು ಕರ್ಣ, ಒಟ್ಟು ಎಂಟು. ಪ್ರತಿ ನಡೆಯ ಬಳಿಕ ಈ ಎಂಟನ್ನೂ ಪರೀಕ್ಷಿಸುವಂತೆ ಯಂತ್ರಕ್ಕೆ ಹೇಳಿಕೊಡುವುದರಲ್ಲೇ ತರ್ಕದ ಮೊದಲ ಪಾಠವಿದೆ.

ಶಾಲೆಗೆ ಮಕ್ಕಳು ಫೋನ್ ತರುವಂತಿಲ್ಲ. ಆದ್ದರಿಂದ ಆಟವನ್ನು ಪ್ರಯೋಗಾಲಯದ ಕಂಪ್ಯೂಟರಿನಲ್ಲೇ ತೋರಿಸಬೇಕಾಯಿತು. ಕಡತವನ್ನು ಪ್ರತಿಮಾಡಿ ಒತ್ತಿದರು, ತೆರೆಯಲಿಲ್ಲ. ಅದು ಆಂಡ್ರಾಯ್ಡ್‌ಗಾಗಿ ಸಿದ್ಧವಾದ 'ಎಪಿಕೆ' ಕಡತ. ನಮ್ಮ ಗಣಕದಲ್ಲಿರುವುದು ಉಬುಂಟು. ಎರಡಕ್ಕೂ ಲಿನಕ್ಸ್ ಎಂಬ ಬೇರು ಒಂದೇ ಆದರೂ ಮೊಬೈಲಿನ ಆಟಕ್ಕೆ ಬೇಕಾದ ಪರಿಸರ ಇಲ್ಲಿರಲಿಲ್ಲ. ಕಂಪ್ಯೂಟರಿನೊಳಗೇ ಫೋನೊಂದನ್ನು ಅನುಕರಿಸುವ 'ಎಮ್ಯುಲೇಟರ್' ಬೇಕಾಗಿತ್ತು. 4 ಜಿಬಿಯ ಹಳೆಯ ಯಂತ್ರಗಳು ಅದರ ಭಾರಕ್ಕೆ ಸ್ತಬ್ಧವಾದವು. 8 ಜಿಬಿಯ ಒಂದೇ ಒಂದು ಯಂತ್ರದಲ್ಲಿ ಅಳವಡಿಸಿದರೂ ಕೃತಕ ಫೋನ್ ಎಚ್ಚರಗೊಳ್ಳಲಿಲ್ಲ. ಎರಡು ದಿನ ಹುಡುಕಿದ ಬಳಿಕ ಕಾರಣ ತಿಳಿಯಿತು: ಯಂತ್ರದ 'ಬಯೋಸ್' ವ್ಯವಸ್ಥೆಯಲ್ಲಿ 'ವರ್ಚುವಲೈಸೇಶನ್' ಆರಿಸಿಟ್ಟಿತ್ತು. ಅದನ್ನು ಚಾಲೂ ಮಾಡಿದೊಡನೆ ಪರದೆಯ ಮೇಲೆ ಫೋನೊಂದು ಮೂಡಿತು. ಕಡತವನ್ನು ಮೌಸಿನಿಂದ ಎಳೆದು ಅದರ ಮೇಲೆ ಬಿಟ್ಟರು; ಆಟ ಸ್ಥಾಪನೆಗೊಂಡಿತು.

ಅನಂತರ ಹುಟ್ಟಿದ ಚರ್ಚೆಯೇ ನಮ್ಮನ್ನು ಹೆಚ್ಚು ಸಂತೋಷಗೊಳಿಸಿದ್ದು. ಇಬ್ಬರೂ ಎಚ್ಚರದಿಂದ ಆಡಿದರೆ ಈ ಆಟದಲ್ಲಿ ಯಾರೂ ಗೆಲ್ಲುವುದಿಲ್ಲ. ಆಗ ಪರದೆಯಲ್ಲಿ 'ಡ್ರಾ' ಎಂಬ ಇಂಗ್ಲಿಷ್ ಪದ ಬರುತ್ತಿತ್ತು. "ಆಟ ನಮ್ಮದು, ಮಾತೂ ನಮ್ಮದಿರಲಿ" ಎಂದಳು ಒಬ್ಬಳು. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ, ಮರಾಠಿ ಆಡುವ ಮಕ್ಕಳು ಒಂದು ಕನ್ನಡ ಪದಕ್ಕಾಗಿ ಅರ್ಧ ಗಂಟೆ ವಾದಿಸಿದರು. ಕೊನೆಗೆ 'ಸಮಸಮ' ಎಂದು ಒಪ್ಪಿದರು.

ಹೆತ್ತವರೇ, ತರ್ಕಕ್ಕೆ ಮಾಧ್ಯಮದ ಅಡ್ಡಿಯಿಲ್ಲ. ತಡೆಯೊದಗಿದಾಗ ಕಾರಣವನ್ನು ಹುಡುಕಬಲ್ಲ ಮನಸ್ಸು ಮಾತ್ರ ಬೇಕು. ತಾನು ಯೋಚಿಸುವ ಭಾಷೆಯಲ್ಲಿ ಪ್ರಶ್ನೆ ಕೇಳಲು ಅವಕಾಶವಿರುವ ಮಗುವಿಗೆ ಅದು ಬೇಗ ಒದಗುತ್ತದೆ. ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಆ ಎರಡು ದಿನಗಳ ಹುಡುಕಾಟದಲ್ಲಿ ಮಕ್ಕಳು ಇಂಗ್ಲಿಷ್ ಸೂಚನೆಗಳನ್ನೇ ಓದಿದರು, ಕನ್ನಡದಲ್ಲಿ ಅರ್ಥಮಾಡಿಕೊಂಡರು.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಆ ಒಂದೇ ಯಂತ್ರದ ಮುಂದೆ ಇಂದಿಗೂ ಮಕ್ಕಳು ಸರತಿಯಲ್ಲಿ ನಿಲ್ಲುತ್ತಾರೆ. ನೀವು ಉಪಯೋಗಿಸದೆ ಇಟ್ಟಿರುವ ಸುಸ್ಥಿತಿಯ ಕಂಪ್ಯೂಟರುಗಳಿದ್ದರೆ ನಮ್ಮನ್ನು ನೆನೆಯಿರಿ. ಅದಕ್ಕಿಂತ ಮುಖ್ಯವಾಗಿ, ರಜೆಯಲ್ಲಿ ಊರಿಗೆ ಬಂದಾಗ ಒಂದು ಗಂಟೆ ಈ ಮಕ್ಕಳ ಜೊತೆ ಕುಳಿತುಕೊಳ್ಳಿ. ಅಂದು ಪತ್ರ ಒಯ್ದ ತಂದೆಯವರು ಇಂದು ಸಭೆಯಲ್ಲಿದ್ದರೆ, ಅವರ ಮಗಳಿಗೂ ಆ ಸರತಿಯಲ್ಲಿ ಸ್ಥಳವಿದೆ.